ಐದು ಮೀಟರ್ ಡ್ರೈನ್ ಸ್ಪ್ರಿಂಗ್: ಎರಡು ಮಳೆಗಾಲ ಬಳಸಿದ ಮೇಲಿನ ಅಭಿಪ್ರಾಯ

ಕಾರವಾರದ ಕೋಡಿಬಾಗದಲ್ಲಿರುವ ನಮ್ಮ ಮನೆಯ ಅಡುಗೆಮನೆಯ ಸಿಂಕು ಕಳೆದ ವರ್ಷದ ಮೇ ತಿಂಗಳಲ್ಲಿ ಮೂರನೆಯ ಸಲ ಕಟ್ಟಿಕೊಂಡಾಗ, ಪೇಟೆಯ ಹಾರ್ಡ್‌ವೇರ್ ಅಂಗಡಿಯೊಂದರಿಂದ 380 ರೂಪಾಯಿ ಕೊಟ್ಟು ಕೈಯಿಂದ ತಿರುಗಿಸುವ ಡ್ರೈನ್ ಸ್ಪ್ರಿಂಗ್ ಒಂದನ್ನು ತಂದೆ. ಕಿರುಬೆರಳಿಗಿಂತ ತೆಳುವಾದ, ಒತ್ತೊತ್ತಾಗಿ ಸುತ್ತಿದ ಉಕ್ಕಿನ ತಂತಿಯ ಉದ್ದನೆಯ ಸುರುಳಿ, ಅದರ ಮುಂತುದಿಯಲ್ಲಿ ಉಬ್ಬಿಕೊಂಡಿರುವ ಸಡಿಲ ಸುತ್ತಿನ ತಲೆ, ಹಿಂದೆ ಮುಂದೆ ಸರಿಸಿ ತಿರುಪಿನಿಂದ ಬಿಗಿ ಮಾಡಬಹುದಾದ, ಎರಡು ಕಡೆ ಬಾಗಿದ ಹಿಡಿ, ಇಷ್ಟೇ ಈ ಸಾಧನ. ಉದ್ದ 5 ಮೀಟರ್. ಪೊಟ್ಟಣದ ಮೇಲೆ ತಯಾರಕರ ಹೆಸರು ನೆನಪಿಟ್ಟುಕೊಳ್ಳುವಷ್ಟು ದೊಡ್ಡದಾಗಿರಲಿಲ್ಲ. ಇಂಥ ಸ್ಪ್ರಿಂಗುಗಳು ಬೇರೆ ಬೇರೆ ಹೆಸರಿನಲ್ಲಿ ಹೆಚ್ಚುಕಡಿಮೆ ಒಂದೇ ರೂಪದಲ್ಲಿ ಎಲ್ಲ ಊರುಗಳಲ್ಲೂ ಸಿಗುವುದರಿಂದ, ನನ್ನ ಮಾತು ಈ ಬಗೆಯ ಸಾಧನಕ್ಕೆ ಅನ್ವಯಿಸುತ್ತದೆಯೇ ಹೊರತು ಯಾವುದೋ ಒಂದು ಕಂಪನಿಗಲ್ಲ.

ಕಟ್ಟಿಕೊಂಡದ್ದನ್ನು ಬಿಡಿಸುವುದಕ್ಕೆಂದು ಇದನ್ನು ತಂದಿದ್ದೆ. ಆ ಕೆಲಸವನ್ನು ಇದು ಸುಮಾರಾಗಿ ಮಾಡುತ್ತದೆ. ಆದರೆ ಎರಡು ಮಳೆಗಾಲ ಬಳಸಿದ ಮೇಲೆ ನನಗೆ ಇದರ ಹೆಚ್ಚಿನ ಉಪಯೋಗ ಕಂಡದ್ದು ಬೇರೆಡೆ: ನೀರು ಎಲ್ಲಿ ನಿಂತಿದೆ, ಏಕೆ ನಿಂತಿದೆ ಎಂಬುದನ್ನು ಇದು ಕೈಗೆ ತಿಳಿಸುತ್ತದೆ. ಶಿರಸಿ ಕಡೆಯ ತೋಟಗಳಲ್ಲಿ ನೆಲದ ಮೇಲೆ ನಿಂತು, ತುದಿಗೆ ಕತ್ತಿ ಕಟ್ಟಿದ ಉದ್ದನೆಯ ಕೋಲಾದ ದೋಟಿಯಿಂದ ಅಡಿಕೆಯ ಕೊನೆ ಇಳಿಸುವವರನ್ನು ನೋಡಿದವರಿಗೆ ನಾನು ಹೇಳುವುದು ಅರ್ಥವಾದೀತು. ಅಷ್ಟೆತ್ತರದಲ್ಲಿ ಕತ್ತಿ ಎಲ್ಲಿ ಸಿಕ್ಕಿಕೊಂಡಿದೆ ಎಂಬುದು ಕಣ್ಣಿಗೆ ಸರಿಯಾಗಿ ಕಾಣದಿದ್ದರೂ ಬುಡದಲ್ಲಿ ಹಿಡಿದ ಅಂಗೈಗೆ ಗೊತ್ತಾಗುತ್ತದೆ. ಈ ಸ್ಪ್ರಿಂಗು ಗೋಡೆಯೊಳಗೂ ನೆಲದಡಿಯಲ್ಲೂ ಅಂಥದೇ ಒಂದು ದೋಟಿ.

ಇದನ್ನು ಕೊಳ್ಳುವ ಮೊದಲು ನಾನು ಮಾಡಿದ ಎರಡು ಪ್ರಯತ್ನಗಳನ್ನು ಹೇಳದೆ ಹೋಲಿಕೆ ಪೂರ್ಣವಾಗುವುದಿಲ್ಲ. ಮೊದಲನೆಯದು ರಬ್ಬರಿನ ಪ್ಲಂಜರ್. ಅಗ್ಗದ, ನಿರಪಾಯದ, ಸರಿಯಾಗಿ ಬಳಸಿದರೆ ಅರ್ಧಕ್ಕರ್ಧ ಸಂದರ್ಭಗಳಲ್ಲಿ ಸಾಕಾಗುವ ಸಾಧನ ಅದು. ಆದರೆ ಬಹಳ ಮನೆಗಳಲ್ಲಿ ಅದನ್ನು ತಪ್ಪಾಗಿ ಬಳಸುತ್ತಾರೆ. ರಬ್ಬರಿನ ಬಟ್ಟಲು ಮುಳುಗುವಷ್ಟು ನೀರು ಸಿಂಕಿನಲ್ಲಿ ಇರಬೇಕು. ಸಿಂಕಿನ ಮೇಲ್ಭಾಗದಲ್ಲಿ ಹೆಚ್ಚಾದ ನೀರು ಹೋಗಲು ತೂತಿದ್ದರೆ ಅದಕ್ಕೆ ಒದ್ದೆ ಬಟ್ಟೆ ತುರುಕಬೇಕು. ಜೋಡಿ ಸಿಂಕಾದರೆ ಇನ್ನೊಂದರ ಬಾಯನ್ನೂ ಮುಚ್ಚಬೇಕು. ಇಲ್ಲದಿದ್ದರೆ ನಾವು ಒತ್ತಿದ ಒತ್ತಡವೆಲ್ಲ ಆ ತೂತಿನಿಂದ ಹೊರಟುಹೋಗಿ, ಕಟ್ಟಿಕೊಂಡಲ್ಲಿಗೆ ಏನೂ ತಲುಪುವುದಿಲ್ಲ. ನಾನು ಮೊದಲ ಸಲ ಇದೇ ತಪ್ಪನ್ನು ಮಾಡಿ ಕಾಲು ಗಂಟೆ ಬೆವರು ಸುರಿಸಿದ್ದೆ.

ಎರಡನೆಯದು ಪುಡಿ. ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ, ಏಕೆಂದರೆ ನಮ್ಮಲ್ಲಿ ಸಿಂಕು ಕಟ್ಟಿಕೊಂಡ ಕೂಡಲೇ ಎಲ್ಲರ ಕೈ ಹೋಗುವುದು ಆ ಪೊಟ್ಟಣದ ಕಡೆಗೆ. ಅಂಗಡಿಯಲ್ಲಿ ಸಿಗುವ ಇಂಥ ಪುಡಿಗಳಲ್ಲಿ ಮುಖ್ಯವಾಗಿ ಇರುವುದು ಕಾಸ್ಟಿಕ್ ಸೋಡಾ. ನೀರಿಗೆ ಬಿದ್ದೊಡನೆ ಅದು ಬಿಸಿಯಾಗುತ್ತದೆ, ಜಿಡ್ಡನ್ನು ಸಾಬೂನನ್ನಾಗಿ ಮಾರ್ಪಡಿಸುತ್ತದೆ, ಕೂದಲನ್ನೂ ನಿಧಾನವಾಗಿ ಕರಗಿಸುತ್ತದೆ. ನೀರು ಇನ್ನೂ ತುಸು ಹರಿಯುತ್ತಿರುವಾಗ ಹಾಕಿದರೆ ಇದು ಒಳ್ಳೆಯ ಮದ್ದು. ಆದರೆ ನೀರು ಪೂರ್ತಿ ನಿಂತಮೇಲೆ ಹಾಕಿದ ಪುಡಿ ಕಟ್ಟಿಕೊಂಡ ಜಾಗಕ್ಕೆ ತಲುಪದೆ ಸಿಂಕಿನ ಕೆಳಗೆ ನೀರು ನಿಲ್ಲಿಸಿಕೊಂಡು ವಾಸನೆ ತಡೆಯುವ ಭಾಗವಾದ ಟ್ರ್ಯಾಪಿನ ತಳದಲ್ಲೇ ಕೂರುತ್ತದೆ, ಅಲ್ಲಿದ್ದ ಜಿಡ್ಡಿನೊಡನೆ ಬೆರೆತು ಗಟ್ಟಿಯಾಗುತ್ತದೆ. ನಮ್ಮ ಮನೆಯಲ್ಲಿ ಆದದ್ದೂ ಇದೇ. ಎರಡು ಪೊಟ್ಟಣ ಸುರಿದು ರಾತ್ರಿ ಕಳೆದ ಮೇಲೆ ಟ್ರ್ಯಾಪು ಬಿಚ್ಚಿ ನೋಡಿದರೆ, ಬಟ್ಟೆ ಒಗೆಯುವ ಸಾಬೂನಿನ ತುಂಡಿನಂಥ ಬಿಳಿಯ ಗಟ್ಟಿ ಅದರ ತುಂಬ ಇತ್ತು. ಮೊದಲಿದ್ದ ತೊಂದರೆಯ ಜೊತೆಗೆ ನಾನೇ ಇನ್ನೊಂದನ್ನು ಸೇರಿಸಿದ್ದೆ. ಬಿಚ್ಚುವಾಗ ಸುರಿದ ನೀರು ಮುಂಗೈಗೆ ತಗಲಿ ಎರಡು ದಿನ ಉರಿಯಿತು. ಕಣ್ಣಿಗೆ ಸಿಡಿದಿದ್ದರೆ ಏನಾಗುತ್ತಿತ್ತೋ ಎಂದು ಈಗಲೂ ಅನಿಸುತ್ತದೆ. ಆದ್ದರಿಂದ ಪುಡಿ ಹಾಕಿದ ಕೊಳವೆಗೆ ಸ್ಪ್ರಿಂಗು ಇಳಿಸುವವರು, ಅಥವಾ ಪ್ಲಂಬರನ್ನು ಕರೆಸುವವರು, ಪುಡಿ ಹಾಕಿದ ವಿಷಯವನ್ನು ಮರೆಮಾಚಬಾರದು. ಪುಡಿಯ ಬೆನ್ನಿಗೆ ಆಸಿಡ್ ಸುರಿಯುವ ಅಭ್ಯಾಸವಂತೂ ಬೇಡವೇ ಬೇಡ. ಎರಡೂ ಸೇರಿದರೆ ಕುದಿದು ಮೇಲಕ್ಕೆ ಚಿಮ್ಮುತ್ತವೆ. ಬ್ಲೀಚಿಂಗ್ ಪುಡಿಗೆ ಆಸಿಡ್ ಬೆರೆತರೆ ಏಳುವುದು ಕ್ಲೋರಿನ್ ಅನಿಲ, ಬಾಗಿಲು ಮುಚ್ಚಿದ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಅಪಾಯ.

ಇನ್ನು ಸ್ಪ್ರಿಂಗಿನ ವಿಷಯ. ಪೊಟ್ಟಣದೊಳಗಿನ ಸೂಚನೆಯಲ್ಲಿ ನಾಲ್ಕು ಚಿತ್ರಗಳಿದ್ದವು, ಒಂದಕ್ಷರ ವಿವರಣೆ ಇರಲಿಲ್ಲ. ಸಿಂಕಿನ ಬಾಯಿಂದಲೇ ತಂತಿ ಇಳಿಸಬಹುದೆಂದು ಆ ಚಿತ್ರಗಳು ಸೂಚಿಸುತ್ತವೆ. ಅದು ನಮ್ಮಲ್ಲಿ ನಡೆಯುವುದಿಲ್ಲ. ನಮ್ಮ ಕಡೆಯ ಸಿಂಕುಗಳ ಕೆಳಗೆ ಹೆಚ್ಚಾಗಿ ಇರುವುದು ಬಾಟಲಿಯಾಕಾರದ ಟ್ರ್ಯಾಪು. ಅದರೊಳಗಿನ ಅಡ್ಡಗೋಡೆಯನ್ನು ದಾಟಿ ಸ್ಪ್ರಿಂಗು ಹೋಗುವುದಿಲ್ಲ. ಕೆಳಗೊಂದು ಬಕೆಟ್ ಇಟ್ಟು, ಕೈಯಿಂದಲೇ ತಿರುಗುವ ಅದರ ನಟ್ಟುಗಳನ್ನು ಸಡಿಲಿಸಿ, ಟ್ರ್ಯಾಪನ್ನು ಪೂರ್ತಿ ಕಳಚಿ, ಗೋಡೆಯೊಳಗೆ ಹೋಗುವ ಕೊಳವೆಯ ಬಾಯಿಗೆ ನೇರವಾಗಿ ಸ್ಪ್ರಿಂಗು ತೂರಿಸಬೇಕು. ಎಷ್ಟೋ ಸಲ ಕಟ್ಟಿಕೊಂಡಿರುವುದು ಆ ಟ್ರ್ಯಾಪಿನಲ್ಲೇ. ಅದನ್ನು ತೊಳೆದು ಹಾಕಿದರೆ ಸ್ಪ್ರಿಂಗಿಗೆ ಕೆಲಸವೇ ಇರುವುದಿಲ್ಲ. ಮರಳಿ ಜೋಡಿಸುವಾಗ ರಬ್ಬರಿನ ಉಂಗುರ ತನ್ನ ಜಾಗದಲ್ಲಿ ಮಡಚದೆ ಕೂತಿದೆಯೇ ನೋಡಬೇಕು. ಸೋರುವಿಕೆಗೆ ಮಡಚಿದ ಉಂಗುರ ಕಾರಣವಾಗಿರುವಾಗ ಪಾನಾ ಹಿಡಿದು ನಟ್ಟನ್ನು ಬಿಗಿದು ಒಡೆದವರಿದ್ದಾರೆ.

ಗೋಡೆಯ ಕೊಳವೆಗೆ ಸ್ಪ್ರಿಂಗು ತೂರಿಸಿದ ಮೇಲೆ ಹಿಡಿಯನ್ನು ಕೊಳವೆಯ ಬಾಯಿಂದ ಒಂದು ಗೇಣು ದೂರದಲ್ಲಿ ಬಿಗಿ ಮಾಡಿ, ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುವ ದಿಕ್ಕಿನಲ್ಲೇ ತಿರುಗಿಸುತ್ತ ಮೆಲ್ಲನೆ ಒತ್ತಬೇಕು. ಗೇಣುದ್ದ ಒಳಗೆ ಹೋದಮೇಲೆ ತಿರುಪು ಸಡಿಲಿಸಿ ಹಿಡಿಯನ್ನು ಹಿಂದಕ್ಕೆ ಸರಿಸಿ ಮತ್ತೆ ಬಿಗಿಯಬೇಕು. ವಿರುದ್ಧ ದಿಕ್ಕಿಗೆ ಬಲವಾಗಿ ತಿರುಗಿಸಿದರೆ ಸುರುಳಿ ಬಿಚ್ಚಿಕೊಂಡು ಹಾಳಾಗುತ್ತದೆ. ತಿರುಗಿಸದೆ ಬರೀ ನೂಕಿದರೆ ತಂತಿ ಒಳಗೇ ಮಡಚಿ ಗಂಟಾಗುತ್ತದೆ. ಈ ಎರಡನ್ನು ನೆನಪಿಟ್ಟರೆ ಉಳಿದದ್ದೆಲ್ಲ ಕೈಗೆ ತಾನಾಗಿ ಬರುತ್ತದೆ. ಮೊದಲ ದಿನ ಸುಮಾರು 2 ಮೀಟರ್ ಒಳಗೆ ಹೋದಮೇಲೆ ಸ್ಪ್ರಿಂಗು ಮುಂದೆ ಸರಿಯಲಿಲ್ಲ. ಗಟ್ಟಿಯಾಗಿ ತಡೆದಂತಾಗದೆ, ನೆನೆದ ಹಾಸಿಗೆಗೆ ಕೋಲು ಚುಚ್ಚಿದಂತೆ ಮೆತ್ತಗೆ ಹಿಂದಕ್ಕೆ ದಬ್ಬುತ್ತಿತ್ತು. ಹತ್ತು ಹನ್ನೆರಡು ಸುತ್ತು ತಿರುಗಿಸಿ ಎಳೆದಾಗ ತಲೆಯ ಸುತ್ತುಗಳಲ್ಲಿ ಸಿಕ್ಕಿ ಬಂದದ್ದು ತೆಂಗಿನ ನಾರು, ಕಾಯಿತುರಿಯ ಉಳಿಕೆ ಮತ್ತು ಅವೆಲ್ಲವನ್ನು ಅಂಟಿಸಿ ಹಿಡಿದಿದ್ದ ಬೂದು ಬಣ್ಣದ ಲೋಳೆ. ನಾಲ್ಕು ಸಲ ಹೀಗೆ ಮಾಡಿ, ಕೈ ತಡೆದುಕೊಳ್ಳಬಹುದಾದಷ್ಟು ಬಿಸಿಯ ನೀರನ್ನು ಎರಡು ಬಕೆಟ್ ಸುರಿದಾಗ ನೀರು ಸೊರ್ ಎಂದು ಇಳಿಯಿತು. ಕುದಿಯುವ ನೀರನ್ನು ಸುರಿಯಲಿಲ್ಲ. ಸಾಮಾನ್ಯ ಪಿವಿಸಿ ಕೊಳವೆ ಅಷ್ಟು ಬಿಸಿಗೆ ಮೆತ್ತಗಾಗುತ್ತದೆ, ಜೋಡಣೆ ಸಡಿಲಗೊಳ್ಳುತ್ತದೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಇದು ಹತ್ತರಲ್ಲಿ ಹನ್ನೊಂದನೆಯ ಸಾಧನವಾಗಿ ಅಟ್ಟ ಸೇರುತ್ತಿತ್ತು. ಆದರೆ ಆ 2 ಮೀಟರ್ ಎಂಬ ಅಳತೆ ನನ್ನ ತಲೆಯಲ್ಲಿ ಕೂತಿತು. ಸ್ಪ್ರಿಂಗನ್ನು ಮನೆಯ ಹೊರಗಿನ ಗೋಡೆಯ ಗುಂಟ ಹಿಡಿದು ನೋಡಿದಾಗ, ಗೋಡೆಯಿಂದ ಹೊರಬಂದ ಕೊಳವೆ ಥಟ್ಟನೆ ಕೆಳಕ್ಕೆ ತಿರುಗುವ ಮೊಣಕೈ ಜಾಗಕ್ಕೆ ಅದು ಸರಿಯಾಗಿ ಹೊಂದುತ್ತಿತ್ತು. ಹಿಂದಿನ ಎರಡು ಸಲವೂ ಅಲ್ಲೇ ಕಟ್ಟಿಕೊಂಡಿರಬೇಕು. ಮರುವಾರ ಪ್ಲಂಬರನ್ನು ಕರೆಸಿ, ಆ ಮೊಣಕೈಯನ್ನು ಕತ್ತರಿಸಿ ತೆಗೆದು, ಮುಚ್ಚಳ ಬಿಚ್ಚಿ ಶುಚಿ ಮಾಡಬಹುದಾದ ಬಾಗಿಲಿನ ಬೆಂಡನ್ನು ಹಾಕಿಸಿದೆ. ಅಂದಿನಿಂದ ಇಂದಿನವರೆಗೆ ಅಡುಗೆಮನೆಯ ಸಿಂಕು ಕಟ್ಟಿಕೊಂಡಿಲ್ಲ. ಎರಡು ತಿಂಗಳಿಗೊಮ್ಮೆ ಆ ಬಾಗಿಲು ತೆರೆದು ಒಳಗಿನ ಲೋಳೆಯನ್ನು ಕಡ್ಡಿಯಿಂದ ಕೆರೆದು ತೆಗೆಯುತ್ತೇನೆ. ಎಲ್ಲಿ ಎಂದು ಗೊತ್ತಿಲ್ಲದೆ ಪ್ಲಂಬರನ್ನು ಕರೆದಿದ್ದರೆ ಅವರೂ ಬಿಡಿಸಿಕೊಟ್ಟು ಹೋಗುತ್ತಿದ್ದರು, ಮೂರು ತಿಂಗಳಿಗೆ ಮತ್ತೆ ಬರುತ್ತಿದ್ದರು.

ಆಮೇಲೆ ಸ್ಪ್ರಿಂಗಿನ ಮೇಲೆ ಪ್ರತಿ ಅರ್ಧ ಮೀಟರಿಗೊಂದು ಬಣ್ಣದ ಇನ್ಸುಲೇಶನ್ ಟೇಪು ಸುತ್ತಿದೆ. ಕೊಂಡವರೆಲ್ಲರೂ ಮೊದಲು ಮಾಡಬೇಕಾದ ಕೆಲಸ ಇದು. ತಯಾರಕರೇ ಅಳತೆಯ ಗುರುತು ಹಾಕಿ ಕೊಡಬಹುದಿತ್ತು. ತಡೆಯ ಬಗೆಯನ್ನೂ ಕೈ ಬೇಗ ಕಲಿಯುತ್ತದೆ. ಕೊಳವೆಯ ತಿರುವು ಬಂದರೆ ಗಟ್ಟಿಯಾಗಿ ತಾಗಿ, ತಿರುಗಿಸುತ್ತ ಒತ್ತಿದರೆ ಒಂದು ಕುಲುಕಿನೊಡನೆ ದಾಟುತ್ತದೆ. ಜಿಡ್ಡಾದರೆ ಮೆತ್ತಗಿನ ತಡೆ. ಗಿಡದ ಬೇರು ಸಿಕ್ಕಿದರೆ ಅದು ಸ್ಪ್ರಿಂಗನ್ನು ಹಿಡಿದುಕೊಳ್ಳುತ್ತದೆ, ಹಿಡಿ ಬಿಟ್ಟರೆ ಸ್ಪ್ರಿಂಗು ತಾನೇ ಹಿಮ್ಮುಖವಾಗಿ ತಿರುಗುತ್ತದೆ. ಹೊರಬಂದ ತಲೆಯಲ್ಲಿ ಏನಿದೆ ಎಂಬುದೂ ಸಾಕ್ಷಿಯೇ. ಪಕ್ಕದ ಮನೆಯವರ ಕೊಳವೆಯಿಂದ ಒಂದು ಸಲ ಮೀನಿನ ಪೊರೆಯ ಉಂಡೆ ಬಂತು, ಇನ್ನೊಂದು ಸಲ ಕೂದಲೆಳೆಯಂಥ ಕೆಂಪು ಬೇರುಗಳು. ಬೇರು ಬಂದಿತೆಂದರೆ ನೆಲದಡಿಯಲ್ಲಿ ಎಲ್ಲೋ ಜೋಡಣೆ ಬಿಟ್ಟಿದೆ, ಹತ್ತಿರದ ಗಿಡ ಅಲ್ಲಿಗೆ ನೀರು ಕುಡಿಯಲು ಬಂದಿದೆ ಎಂದರ್ಥ. ಅಲ್ಲಿ ಸ್ಪ್ರಿಂಗಿನ ಕೆಲಸ ತಾತ್ಕಾಲಿಕ, ಅಗೆದು ಜೋಡಣೆ ಸರಿಪಡಿಸದೆ ಬೇರೆ ಹಾದಿಯಿಲ್ಲ. ಕೋಡಿಬಾಗದಂಥ ಮರಳು ನೆಲದಲ್ಲಿ ತಲೆಗೆ ಮರಳು ಅಂಟಿ ಬಂದರೂ ಅದೇ ಅರ್ಥ.

ಬಚ್ಚಲಿನಲ್ಲಿ ಈ ಸಾಧನಕ್ಕೆ ಅಷ್ಟೇನೂ ಕೆಲಸ ಬೀಳಲಿಲ್ಲ. ನೆಲದ ನಹಾನಿ ಟ್ರ್ಯಾಪಿನ ಜಾಲರಿ ಎತ್ತಿ, ಒಳಗಿನ ಟೊಪ್ಪಿ ತೆಗೆದರೆ ಕೂದಲಿನ ಮುದ್ದೆ ಕೈಗೇ ಸಿಗುತ್ತದೆ. ಅಂಟುವಾಳ, ಸೀಗೆಪುಡಿ ಬಳಸುವ ಮನೆಯಲ್ಲಿ ಆ ಮುದ್ದೆ ಇನ್ನೂ ಬಿಗಿಯಾಗಿರುತ್ತದೆ. ಇಲ್ಲಿ ಹೇಳಬೇಕಾದದ್ದು ವಾಸನೆಯ ವಿಷಯ. ನೀರು ಬೇಗ ಹೋಗಲಿ ಎಂದು ಆ ಟೊಪ್ಪಿಯನ್ನು ತೆಗೆದು ಎಸೆದವರ ಮನೆಯಲ್ಲಿ ಗಟಾರದ ವಾಸನೆಯೂ ಜಿರಲೆಯೂ ಬಚ್ಚಲಿಗೆ ಬರುತ್ತವೆ. ಒಳ್ಳೆಯ ಟ್ರ್ಯಾಪಿನಲ್ಲಿ ಸುಮಾರು 50 ಮಿಲಿಮೀಟರ್ ಆಳದ ನೀರು ಸದಾ ನಿಂತು ಕೆಳಗಿನ ಗಾಳಿಯನ್ನು ತಡೆಯುತ್ತದೆ. ಬಳಕೆಯಿಲ್ಲದ ಬಚ್ಚಲಿನಲ್ಲಿ ಬೇಸಿಗೆಯಲ್ಲಿ ಆ ನೀರು ಆರಿಹೋಗುತ್ತದೆ. ನಮ್ಮ ಅತಿಥಿಕೋಣೆಯ ಬಚ್ಚಲು ಏಪ್ರಿಲ್‌ನಲ್ಲಿ ನಾರುತ್ತಿದ್ದಾಗ ನಾನು ಸ್ಪ್ರಿಂಗು ಹಿಡಿದು ಹೊರಟಿದ್ದೆ. ಮನೆಯವರು ಎರಡು ಚೊಂಬು ನೀರು ಸುರಿದರು, ವಾಸನೆ ಹೋಯಿತು.

ಈ ಸ್ಪ್ರಿಂಗಿನ ಬಗ್ಗೆ ನನಗೆ ನಿಜವಾದ ಗೌರವ ಮೂಡಿಸಿದ್ದು ಅದು ಏನನ್ನೂ ಬಿಡಿಸದೆ ಹೋದ ಒಂದು ದಿನ. ಜುಲೈ ತಿಂಗಳ ಕೊನೆಯ ವಾರ, ಹಗಲೂ ರಾತ್ರಿ ಮಳೆ. ಶೌಚಾಲಯದಲ್ಲಿ ನೀರು ಹಾಕಿದರೆ ಮೇಲೆದ್ದು ನಿಂತು ಗುಳುಗುಳು ಸದ್ದು ಮಾಡುತ್ತ ಬಹಳ ಹೊತ್ತಿನ ಮೇಲೆ ಇಳಿಯುತ್ತಿತ್ತು, ಅದೇ ಹೊತ್ತಿಗೆ ಬಚ್ಚಲಿನ ಟ್ರ್ಯಾಪಿನಲ್ಲೂ ಗುಳ್ಳೆ ಏಳುತ್ತಿತ್ತು. ಕೊಳವೆ ಕಟ್ಟಿಕೊಂಡಿದೆ ಎಂದೇ ಎಲ್ಲರ ಅಭಿಪ್ರಾಯ. ಕಮೋಡಿನ ಬಾಯಿಂದ ಈ ಸ್ಪ್ರಿಂಗು ಇಳಿಸಬಾರದು, ಪಿಂಗಾಣಿಯ ಮೇಲೆ ಅಳಿಸಲಾಗದ ಕಪ್ಪು ಗೆರೆ ಬೀಳುತ್ತದೆ. ಅದಕ್ಕೆಂದೇ ರಬ್ಬರಿನ ಹೊದಿಕೆಯಿರುವ ಬೇರೆ ಬಗೆಯ ಸ್ಪ್ರಿಂಗು ಬರುತ್ತದೆ. ಹಾಗಾಗಿ ಅಂಗಳದಲ್ಲಿ ಮನೆಯ ಕೊಳವೆ ಬಂದು ಸೇರುವ ಗುಂಡಿಯ, ಅಂದರೆ ಚೇಂಬರಿನ, ಮುಚ್ಚಳ ಎತ್ತಿದೆ. ಚೇಂಬರಿನಲ್ಲಿ ನೀರು ಕೊಳವೆಯ ಬಾಯಿಗಿಂತ ಮೇಲಕ್ಕೆ ನಿಂತಿತ್ತು. ಇದೇ ಮೊದಲ ಸುಳಿವು. ಚೇಂಬರು ಒಣಗಿದ್ದರೆ ಅಡಚಣೆ ಮನೆಯ ಕಡೆಗಿದೆ, ತುಂಬಿದ್ದರೆ ಮುಂದಿನ ಕಡೆಗಿದೆ. ಮುಂದಿನ ಕಡೆ ಎಂದರೆ ಸೆಪ್ಟಿಕ್ ಟ್ಯಾಂಕಿನತ್ತ ಹೋಗುವ 110 ಮಿಲಿಮೀಟರಿನ ಕೊಳವೆಗೆ ಸ್ಪ್ರಿಂಗು ಬಿಟ್ಟೆ. ಒಂದು, ಎರಡು, ಮೂರು ಮೀಟರಿನ ಟೇಪುಗಳು ದಾಟಿದವು, ನಾಲ್ಕು ಕೂಡ ದಾಟಿತು, ಎಲ್ಲೂ ತಡೆಯಿಲ್ಲ. ಅಂಗಳದಲ್ಲಿ ಹೆಜ್ಜೆ ಹಾಕಿ ಅಳೆದರೆ ಸ್ಪ್ರಿಂಗಿನ ತಲೆ ಟ್ಯಾಂಕಿನೊಳಗೇ ಇರಬೇಕು. ಎಳೆದು ನೋಡಿದರೆ ತಲೆಯಲ್ಲಿ ಏನೂ ಇಲ್ಲ.

ಕೊಳವೆ ತೆರೆದೇ ಇದೆ, ಆದರೂ ನೀರು ಹೋಗುತ್ತಿಲ್ಲ. ಹಾಗಾದರೆ ಹೋಗಬೇಕಾದ ಕಡೆ ಜಾಗವಿಲ್ಲ. ಉತ್ತರ ನಮ್ಮ ಹಿತ್ತಲಿನ ಬಾವಿಯಲ್ಲಿತ್ತು. ಮೇ ತಿಂಗಳಲ್ಲಿ ಹಗ್ಗ ಪೂರ್ತಿ ಬಿಟ್ಟರೂ ಕೊಡ ಅರ್ಧ ತುಂಬುತ್ತಿದ್ದ ಬಾವಿಯಲ್ಲಿ ಅಂದು ಕಟ್ಟೆಯ ಮೇಲಿಂದ ಬಗ್ಗಿದರೆ ನೀರು ಕೈಗೆ ಸಿಗುವಂತಿತ್ತು. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಕರಾವಳಿಯಲ್ಲಿ, ಕಾಳಿ ನದಿ ಸಮುದ್ರ ಸೇರುವ ಕಡೆಯ ತಗ್ಗಿನ ನೆಲದಲ್ಲಿ, ಅಂತರ್ಜಲ ಅಷ್ಟು ಮೇಲೆ ಬಂದಾಗ, ಸೆಪ್ಟಿಕ್ ಟ್ಯಾಂಕಿನಿಂದ ಹೊರಬಂದ ನೀರು ನೆಲಕ್ಕೆ ಇಳಿಯುವ ಇಂಗುಗುಂಡಿಯೂ ನೀರಿನಲ್ಲಿ ಮುಳುಗಿರುತ್ತದೆ. ನೆಲ ಇನ್ನು ಕುಡಿಯುವುದಿಲ್ಲ, ಟ್ಯಾಂಕು ತುಂಬುತ್ತದೆ, ಚೇಂಬರು ತುಂಬುತ್ತದೆ, ಕೊನೆಗೆ ಕಮೋಡು ಗುಳುಗುಳು ಎನ್ನುತ್ತದೆ. ಇದಕ್ಕೆ ಸ್ಪ್ರಿಂಗೂ ಬೇಡ, ಪುಡಿಯೂ ಬೇಡ. ಮಳೆ ಹೊಳವಾಗುವವರೆಗೆ ನೀರಿನ ಬಳಕೆ ಕಡಿಮೆ ಮಾಡಿ, ಸ್ನಾನದ ಮತ್ತು ಬಟ್ಟೆ ಒಗೆದ ನೀರನ್ನು ಟ್ಯಾಂಕಿನಿಂದ ಬೇರ್ಪಡಿಸಿ ತೆಂಗಿನ ಬುಡಕ್ಕೆ ತಿರುಗಿಸಿದೆವು. ಮೂರು ದಿನ ಮಳೆ ಬಿಟ್ಟಾಗ ಎಲ್ಲವೂ ತಾನಾಗಿ ಸರಿಯಾಯಿತು. ಹಳೆಯ ಮನೆಗಳಲ್ಲಿ ಬಚ್ಚಲ ನೀರು ಬಾಳೆಯ ಹಿಂಡಿಗೆ ಹೋಗುತ್ತಿದ್ದದ್ದು ಏಕೆಂದು ಆಗ ಹೊಳೆಯಿತು.

ಟ್ಯಾಂಕು ಖಾಲಿ ಮಾಡಿಸಬಾರದಿತ್ತೇ ಎಂದು ಕೆಲವರು ಕೇಳಿದರು. ಅಂತರ್ಜಲ ಅಷ್ಟು ಮೇಲಿರುವಾಗ ಟ್ಯಾಂಕನ್ನು ಪೂರ್ತಿ ಬರಿದು ಮಾಡಿದರೆ ಸುತ್ತಲಿನ ನೀರಿನ ಒತ್ತಡಕ್ಕೆ ಅದು ಬಿರುಕು ಬಿಡಬಹುದು. ಪ್ಲಾಸ್ಟಿಕ್ಕಿನ ಟ್ಯಾಂಕಾದರೆ ದೋಣಿಯಂತೆ ಮೇಲಕ್ಕೇ ಎದ್ದು ಬರಬಹುದು. ಆ ಕೆಲಸಕ್ಕೆ ಬೇಸಿಗೆಯೇ ಸರಿ, ಅದೂ ಹೀರುವ ಯಂತ್ರದ ಗಾಡಿಯಿಂದಲೇ ಆಗಬೇಕು. ಟ್ಯಾಂಕಿನೊಳಗೆ ಶೇಖರವಾಗುವ ಅನಿಲ ಮನುಷ್ಯನನ್ನು ಕ್ಷಣಗಳಲ್ಲಿ ಎಚ್ಚರ ತಪ್ಪಿಸುತ್ತದೆ. ಸುರಕ್ಷಾ ಸಲಕರಣೆಯಿಲ್ಲದೆ ಯಾರನ್ನೇ ಆಗಲಿ ಒಳಗಿಳಿಸಿ ಶುಚಿ ಮಾಡಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಡಿಸೆಂಬರಿನಲ್ಲಿ ಈ ಸ್ಪ್ರಿಂಗು ದೇವಿಮನೆ ಘಟ್ಟ ಹತ್ತಿ ಶಿರಸಿ ಸಮೀಪದ ನನ್ನ ಹೆಂಡತಿಯ ತವರುಮನೆಗೂ ಹೋಯಿತು. ಅಲ್ಲಿಯ ಸಿಂಕು ಬೆಳಿಗ್ಗೆ ಕಟ್ಟಿಕೊಂಡು ಮಧ್ಯಾಹ್ನದ ಹೊತ್ತಿಗೆ ಬಿಟ್ಟುಕೊಳ್ಳುತ್ತದೆ ಎಂಬ ವಿಚಿತ್ರ ದೂರು. ಸ್ಪ್ರಿಂಗು ಬಿಟ್ಟಾಗ ಒಂದೂವರೆ ಮೀಟರಿನಲ್ಲಿ ಮೆತ್ತಗಿನ ತಡೆ ಸಿಕ್ಕಿತು, ತಲೆಗೆ ಅಂಟಿ ಬಂದದ್ದು ಬೆಣ್ಣೆಯಂಥ ಬಿಳಿಯ ಪದಾರ್ಥ. ಮೂಸಿದರೆ ಕೊಬ್ಬರಿ ಎಣ್ಣೆ. ಈ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಕಾರವಾರದಲ್ಲಿ ಅದು ವರ್ಷದ ಬಹುಪಾಲು ದ್ರವವಾಗಿಯೇ ಇರುತ್ತದೆ. ಘಟ್ಟದ ಮೇಲಿನ ಚಳಿಗಾಲದ ಬೆಳಗಿನಲ್ಲಿ ಬಾಟಲಿಯಲ್ಲಿ ಗಟ್ಟಿಯಾದಂತೆಯೇ ಕೊಳವೆಯಲ್ಲೂ ಗಟ್ಟಿಯಾಗಿ, ಬಿಸಿಲೇರಿದ ಮೇಲೆ ಕರಗುತ್ತದೆ. ಎಣ್ಣೆಯ ಬಾಣಲೆಯನ್ನು ತೊಳೆಯುವ ಮೊದಲು ಒಲೆಯ ಬೂದಿಯಿಂದಲೋ ಹಳೆಯ ಕಾಗದದಿಂದಲೋ ಒರೆಸುವುದು ಇದಕ್ಕೆ ಇರುವ ಪರಿಹಾರ. ಅತ್ತೆಯವರು ಅದನ್ನು ಮೊದಲಿನಿಂದಲೂ ಮಾಡುತ್ತಿದ್ದರಂತೆ, ಸಿಂಕು ಬಂದ ಮೇಲೆ ಬಿಟ್ಟುಬಿಟ್ಟಿದ್ದರಂತೆ.

ಅಲ್ಲಿಯೇ ಈ ಸಾಧನದ ಮಿತಿಯೂ ಕಂಡಿತು. ಆ ಮನೆಗೆ ನೀರು ಬರುವುದು ಮೇಲಿನ ಗುಡ್ಡದ ಅಬ್ಬಿಯಿಂದ, ಕಪ್ಪು ಪೈಪಿನ ಮೂಲಕ, ಪಂಪಿಲ್ಲದೆ. ನೀರು ಸಣ್ಣಗೆ ಬರುತ್ತಿದೆಯೆಂದು ಹೆಂಡತಿಯ ತಮ್ಮ ಆ ಪೈಪಿಗೂ ಸ್ಪ್ರಿಂಗು ಬಿಟ್ಟು ನೋಡೋಣವೆಂದ. ಬೇಡವೆಂದೆ. ಗಟಾರದ ಲೋಳೆಯಲ್ಲಿ ಆಡಿದ ಸ್ಪ್ರಿಂಗು ಕುಡಿಯುವ ನೀರಿನ ಕೊಳವೆಗೆ ಹೋಗಬಾರದು. ಅಂಥ ಪೈಪು ಗುಡ್ಡದ ಏರಿಳಿತದಲ್ಲಿ ಹಾದುಬರುವುದರಿಂದ ಅದರ ಎತ್ತರದ ತಿರುವಿನಲ್ಲಿ ಗಾಳಿ ಸೇರಿಕೊಂಡು ನೀರನ್ನು ತಡೆಯುತ್ತದೆ. ಅಲ್ಲಿಯ ಜೋಡಣೆಯನ್ನು ಸಡಿಲಿಸಿ ಗಾಳಿ ಹೊರಬಿಟ್ಟರೆ ಸರಿಯಾಗುತ್ತದೆ. ಆ ದಿನವೂ ಹಾಗೆಯೇ ಆಯಿತು, ಜೊತೆಗೆ ಮೂಲದ ಜಾಲರಿಯಲ್ಲಿ ಕೊಳೆತ ಎಲೆಗಳ ಒಂದು ಹಿಡಿ ಸಿಕ್ಕಿತು. ನಲ್ಲಿ ತೊಟ್ಟಿಕ್ಕುವುದು, ಟ್ಯಾಂಕು ತುಂಬಿ ಸುರಿಯುವುದು, ಫ್ಲಶ್ಶಿನ ಟ್ಯಾಂಕಿನಿಂದ ಸದ್ದಿಲ್ಲದೆ ನೀರು ಸೋರುವುದು, ಇವು ಯಾವುವೂ ಸ್ಪ್ರಿಂಗಿನ ಕೆಲಸವಲ್ಲ. ಕೊನೆಯದನ್ನು ಪತ್ತೆಮಾಡಲು ಟ್ಯಾಂಕಿಗೆ ಒಂದು ಚಿಟಿಕೆ ಅರಿಸಿನ ಕದಡಿ ಅರ್ಧ ಗಂಟೆ ಬಿಟ್ಟು ಕಮೋಡು ನೋಡಿದರೆ ಸಾಕು. ಹಳದಿ ಇಳಿದಿದ್ದರೆ ಒಳಗಿನ ರಬ್ಬರು ಬದಲಿಸಬೇಕು.

ಇನ್ನು ದೂರುಗಳು. ಪೊಟ್ಟಣದ ಮೇಲೆ ತುಕ್ಕು ಹಿಡಿಯದ ಉಕ್ಕು ಎಂದು ಬರೆದಿತ್ತು. ಸಮುದ್ರದ ಗಾಳಿಗೆ ಅದು ಒಂದು ಮಳೆಗಾಲವನ್ನೂ ತಾಳಲಿಲ್ಲ, ಸೆಪ್ಟೆಂಬರಿನ ಹೊತ್ತಿಗೆ ಸುರುಳಿಯ ಸಂದುಗಳಲ್ಲಿ ಕೆಂಪು ಪುಡಿ ಕಂಡಿತು. ಅಂಗಡಿಯವರಿಗೆ ತೋರಿಸಿದಾಗ ಅವರು ನಕ್ಕು, "ಮಾಸ್ತರರೇ, ಇಲ್ಲಿ ಗೇಟೇ ಉಳಿಯುವುದಿಲ್ಲ, ಇದು ಎಲ್ಲಿ ಉಳಿಯುತ್ತದೆ?" ಎಂದರು. ಮಾತು ನಿಜ, ಆದರೆ ಪೊಟ್ಟಣದ ಮೇಲಿನ ಬರಹ ಸುಳ್ಳು. ಈಗ ಪ್ರತಿ ಬಳಕೆಯ ನಂತರ ತೊಳೆದು, ಬಿಸಿಲಿಗೆ ಒಣಗಿಸಿ, ಬೈಕಿನ ಹಳೆಯ ಎಂಜಿನ್ ಆಯಿಲ್ ಸವರಿದ ಬಟ್ಟೆಯಿಂದ ಒರೆಸಿ ಇಡುತ್ತೇನೆ. ಹೀಗೆ ಮಾಡಿದ್ದರಿಂದ ಎರಡನೆಯ ಮಳೆಗಾಲದಲ್ಲಿ ತುಕ್ಕು ಹೆಚ್ಚಲಿಲ್ಲ. ಹಿಡಿಯ ತಿರುಪು ಇನ್ನೊಂದು ದೋಷ. ಒದ್ದೆ ಕೈಯಿಂದ ಬಿಗಿಯಲು ಅದು ತೀರ ಸಣ್ಣದು, ಸಡಿಲವಾದರೆ ಹಿಡಿ ಮಾತ್ರ ತಿರುಗಿ ಸ್ಪ್ರಿಂಗು ನಿಂತಲ್ಲೇ ಇರುತ್ತದೆ. ಅದನ್ನು ತೆಗೆದು ಚಿಟ್ಟೆಯ ರೆಕ್ಕೆಯಂಥ ಕಿವಿಗಳಿರುವ ತಿರುಪು ಹಾಕಿಕೊಂಡೆ, ಹತ್ತು ರೂಪಾಯಿಯೊಳಗಿನ ಖರ್ಚು. ಕೈಗವಸು ಇಲ್ಲದೆ ಬಳಸಬಾರದು, ಸುರುಳಿಯ ಸಂದಿಗೆ ಅಂಗೈಯ ಚರ್ಮ ಸಿಕ್ಕಿಕೊಳ್ಳುತ್ತದೆ.

ಡಬ್ಬಿಯೊಳಗೆ ಸುತ್ತಿಕೊಳ್ಳುವ ಬಗೆಯ ಸ್ಪ್ರಿಂಗು ಇದಕ್ಕಿಂತ ಎರಡು ಮೂರು ಪಟ್ಟು ಬೆಲೆಗೆ ಸಿಗುತ್ತದೆ. ಪರಿಚಿತರೊಬ್ಬರ ಬಳಿ ಇರುವುದನ್ನು ಬಳಸಿ ನೋಡಿದೆ. ಕೈಗೆ ಕೊಳೆಯಾಗುವುದು ಕಡಿಮೆ, ಆದರೆ ಡಬ್ಬಿಯೊಳಗೆ ಉಳಿದ ನೀರು ಆರದೆ ತುಕ್ಕು ಬೇಗ ಹಿಡಿಯುತ್ತದೆ, ಮತ್ತು ನಾನು ಮೆಚ್ಚಿದ ಆ ಕೈಯ ಅನುಭವ ಅದರಲ್ಲಿ ಮಂಕಾಗುತ್ತದೆ. ಡ್ರಿಲ್ ಯಂತ್ರಕ್ಕೆ ಸಿಕ್ಕಿಸುವ ಬಗೆಯನ್ನು ಮನೆಬಳಕೆಗೆ ನಾನು ಹೇಳಲಾರೆ. ತಲೆ ಎಲ್ಲಾದರೂ ಸಿಕ್ಕಿಕೊಂಡಾಗ ಯಂತ್ರ ನಿಲ್ಲುವುದಿಲ್ಲ, ತಂತಿ ಹೊರಗೆ ಚಾವಟಿಯಂತೆ ಸುತ್ತಿಕೊಳ್ಳುತ್ತದೆ.

ಕೊಳ್ಳುವವರು ಅಂಗಡಿಗೆ ಹೋಗುವ ಮೊದಲು ಒಂದು ಹಗ್ಗ ಹಿಡಿದು ಸಿಂಕಿನ ಕೆಳಗಿನ ಗೋಡೆಯಿಂದ ಮೊದಲ ಚೇಂಬರಿನವರೆಗೆ ಕೊಳವೆ ಹೋಗುವ ದಾರಿಯನ್ನು ಅಳೆದುಕೊಳ್ಳುವುದು ಒಳ್ಳೆಯದು. ಅದು 4 ಮೀಟರಿನೊಳಗಿದ್ದರೆ 5 ಮೀಟರಿನ ಸ್ಪ್ರಿಂಗು ಸಾಕು. ತಿರುವುಗಳಲ್ಲಿ ಸುಮಾರು ಒಂದು ಮೀಟರಿನಷ್ಟು ಉದ್ದ ಕಳೆದುಹೋಗುತ್ತದೆ, ಹಿಡಿಗೂ ಜಾಗ ಬೇಕು. ಅದಕ್ಕಿಂತ ದೂರವಿದ್ದರೆ 10 ಮೀಟರಿನದನ್ನೇ ತೆಗೆದುಕೊಳ್ಳಬೇಕು, ತಲುಪದ ಸ್ಪ್ರಿಂಗಿಗೆ ಕೊಟ್ಟ ಹಣ ದಂಡ. ಮೇಲ್ಮಹಡಿಯ ಮನೆಯವರು ಮತ್ತು ಹಲವು ಮನೆಗಳಿಗೆ ಒಂದೇ ಕೊಳವೆಯಿರುವ ಕಟ್ಟಡದವರು ಇದನ್ನು ಕೊಳ್ಳುವ ಬದಲು ನುರಿತವರನ್ನೇ ಕರೆಸಲಿ, ಅಲ್ಲಿ ತಪ್ಪಿದರೆ ಕೆಳಗಿನ ಮನೆಯವರ ಅಡುಗೆಮನೆಗೆ ನೀರು ನುಗ್ಗುತ್ತದೆ. ಐದರಲ್ಲಿ ಅಂಕ ಕೊಡಬೇಕೆಂದರೆ ಸಾಧನಕ್ಕೆ ನಾಲ್ಕು, ಪೊಟ್ಟಣದ ಮೇಲಿನ ಬರಹಕ್ಕೆ ಒಂದು.